ಬ್ಯಾಸಿಗಿ ರಜಾ: ಮನ್ಯಾಗ ಏಳೆಂಟು ಹುಡುಗ್ರು, ಹೊರಗ ಉರಿ ಬಿಸಿಲು, ಮಧ್ಯಾಹ್ನ ಕಳೆಯೋದು ಹೆಂಗ?

ಸಿಂಧನೂರು / ಲಿಂಗಸುಗೂರು / ಮಸ್ಕಿ: ಶಾಲೆಗೆ ರಜೆ ಬಿತ್ತು ಅಂದ್ರೆ ಅಜ್ಜಿ ಮನೆಗಳು ತುಂಬುತ್ತವೆ. ಅಕ್ಕನ ಮಕ್ಕಳು, ತಮ್ಮನ ಮಕ್ಕಳು, ಪಕ್ಕದ ಮನೆಯವರು, ಎಲ್ಲಾ ಸೇರಿ ಮೂರು ವರ್ಷದವರಿಂದ ಹನ್ನೆರಡು ವರ್ಷದವರವರೆಗೆ ಒಂದೇ ಪಡಸಾಲೆಯಲ್ಲಿ. ಹೊರಗೆ 40 ಡಿಗ್ರಿ ದಾಟಿದ ಬಿಸಿಲು. ಒಳಗೆ ಗದ್ದಲ, ಜಗಳ, "ಬ್ಯಾಸರ ಆಗ್ಯಾದ" ಅನ್ನೋ ಒಂದೇ ರಾಗ. ಅಂಗಡಿ ನಡೆಸೋರಿಗೆ ಇನ್ನೂ ಕಷ್ಟ. ಒಂದು ಕಣ್ಣು ಗಿರಾಕಿ ಮೇಲೆ, ಒಂದು ಕಣ್ಣು ಒಳಮನೆ ಮೇಲೆ. ಕೊನೆಗೆ ಎಲ್ಲರೂ ಹುಡುಕೋ ದಾರಿ ಒಂದೇ: ಕೈಗೊಂದು ಮೊಬೈಲ್.

ಕಳೆದ ಬೇಸಿಗೆಯಲ್ಲಿ ನಮ್ಮ ಮನೆಯಲ್ಲೇ ಆದ ಮಾತು. ಏಳು ಮಕ್ಕಳಿದ್ವು. ಊಟ ಆದ ಮೇಲೆ ದೊಡ್ಡವರಿಗೆ ಜೋಂಪು ಹತ್ತಿತ್ತು. ಎದ್ದು ನೋಡಿದ್ರೆ ಬಾಗಿಲಲ್ಲಿ ಐದೇ ಜೊತೆ ಚಪ್ಪಲಿ. ಇಬ್ಬರು ಸಿಕ್ಕಿದ್ದು ಊರ ಹೊರಗಿನ ಉಪಕಾಲುವೆ ಮೆಟ್ಟಿಲ ಮೇಲೆ, ನೀರಲ್ಲಿ ಕಾಲು ಇಳಿಬಿಟ್ಟು ಕೂತಿದ್ರು. ಏನೂ ಆಗಿರಲಿಲ್ಲ. ಬೈದು ಕರ್ಕೊಂಡು ಬರುವಾಗ ಒಂಬತ್ತು ವರ್ಷದವ ಕೇಳಿದ: "ಮತ್ತ ಮನ್ಯಾಗ ಕುಂತು ಏನ್ ಮಾಡೂದು?"

ಅವನ ಪ್ರಶ್ನೆ ಸರಿಯಾಗೇ ಇತ್ತು. "ಹೊರಗ ಹೋಗಬ್ಯಾಡ" ಅಂತ ಹೇಳಿದ್ದೆವು, ಒಳಗೆ ಏನು ಮಾಡಬೇಕು ಅಂತ ಯಾರೂ ಹೇಳಿರಲಿಲ್ಲ. ಈ ಬರಹ ಅದಕ್ಕೆ. ಇಲ್ಲಿ ಹೇಳಿದ ಯಾವುದಕ್ಕೂ ದುಡ್ಡು ಖರ್ಚಿಲ್ಲ, ಇದ್ರೂ ಹತ್ತಿಪ್ಪತ್ತು ರೂಪಾಯಿ ಅಷ್ಟೇ.

ಮಕ್ಕಳು ಯಾಕೆ ಸುಮ್ಮನೆ ಕೂಡಲ್ಲ?

ಸಣ್ಣ ಮಕ್ಕಳು ಓಡೋದು, ಹಾರೋದು ತುಂಟತನಕ್ಕಲ್ಲ. ಬೆಳೆಯೋ ಮೈ ಅದನ್ನು ಕೇಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಐದು ವರ್ಷದೊಳಗಿನ ಮಕ್ಕಳಿಗಾಗಿ ಕೊಟ್ಟ ಮಾರ್ಗಸೂಚಿ ಪ್ರಕಾರ, ಮೂರು-ನಾಲ್ಕು ವರ್ಷದ ಮಗು ದಿನಕ್ಕೆ ಕನಿಷ್ಠ 180 ನಿಮಿಷ, ಅಂದ್ರೆ ಮೂರು ತಾಸು, ಓಡಾಡಿಕೊಂಡಿರಬೇಕು. ಐದು ವರ್ಷ ದಾಟಿದವರಿಗೆ ದಿನಕ್ಕೆ ಒಂದು ತಾಸಾದರೂ ಬೆವರು ಬರುವಂಥ ಆಟ ಬೇಕು. ಅದೇ ಮಾರ್ಗಸೂಚಿ ಮೊಬೈಲ್, ಟಿ.ವಿ. ಬಗ್ಗೆಯೂ ಹೇಳುತ್ತದೆ: ಒಂದು ವರ್ಷದೊಳಗಿನ ಕೂಸಿಗೆ ಪರದೆ ಬೇಡವೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ತಾಸಿಗಿಂತ ಹೆಚ್ಚು ಬೇಡ, ಕಡಿಮೆಯಾದಷ್ಟೂ ಒಳ್ಳೇದು.

ಈ ಮೂರು ತಾಸಿನ ಓಡಾಟ ಬೆಳಗ್ಗೆ ಆಗದಿದ್ರೆ ಮಧ್ಯಾಹ್ನ ಅದು ಗದ್ದಲವಾಗಿ ಹೊರಗೆ ಬರುತ್ತದೆ. ದಿವಾನದ ಮೇಲಿಂದ ಹಾರೋದು, ತಲೆದಿಂಬು ಹರಿಯೋದು, ತಂಗಿ ಜಡೆ ಎಳೆಯೋದು ಎಲ್ಲಾ ಅದೇ ಲೆಕ್ಕ. ಹಂಗಾಗಿ ಮೊದಲ ಪಾಠ: ಮಧ್ಯಾಹ್ನ ಶಾಂತಿ ಬೇಕಂದ್ರೆ ಬೆಳಗ್ಗೆ ಓಡಿಸಿ.

ಬಿಸಿಲು ನೋಡಿ ದಿನ ಹಂಚಿಕೊಳ್ಳಿ

ನಮ್ಮ ಭಾಗದಲ್ಲಿ ಏಪ್ರಿಲ್-ಮೇ ಬಂದ್ರೆ ಸರ್ಕಾರಿ ಕಚೇರಿಗಳ ವೇಳೆಯನ್ನೇ ಬೆಳಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುವ ರೂಢಿ ಇದೆ. ದೊಡ್ಡವರಿಗೇ ವೇಳಾಪಟ್ಟಿ ಬದಲಾದ ಮೇಲೆ ಮಕ್ಕಳಿಗೂ ಬೇಕಲ್ಲ? ಇದನ್ನು ಗೋಡೆ ಮೇಲೆ ಬರೆದು ಅಂಟಿಸಿ, ಬರೆಯೋ ಕೆಲಸ ಮಕ್ಕಳಿಗೇ ಕೊಡಿ:

- ಬೆಳಗ್ಗೆ 6ರಿಂದ 9: ಹೊರಗಿನ ಆಟ. ಲಗೋರಿ, ಚಿಣ್ಣಿದಾಂಡು, ಸೈಕಲ್, ಓಟ. ಗಿಡಕ್ಕೆ ನೀರು ಹಾಕೋದು.
- 9ರಿಂದ 11: ಒಳಗೆ ಮೈ ದಣಿಯುವ ಆಟ.
- 11ರಿಂದ 1: ಕೈಕೆಲಸ, ಮಣ್ಣು, ಬಣ್ಣ, ಅಂಗಡಿ ಆಟ.
- 1ರಿಂದ 4: ಊಟ, ನಿದ್ದೆ, ಕೂತು ಆಡುವ ಆಟ, ಕಥೆ.
- 5ರ ಮೇಲೆ: ಮತ್ತೆ ಓಣಿಗೆ.

ಮಧ್ಯಾಹ್ನ 12ರಿಂದ 3ರವರೆಗೆ ಯಾವ ಕಾರಣಕ್ಕೂ ಬಿಸಿಲಿಗೆ ಬಿಡಬೇಡಿ. ಪತ್ರಾಸ್ ಶೆಡ್ಡಿನ ಮನೆ ಇದ್ದವರಿಗೆ ಆ ಹೊತ್ತಿಗೆ ಒಳಗೂ ಕಾವು ಇರುತ್ತದೆ. ಅಂಥವರು ಬೇವಿನ ಮರದ ನೆರಳು ಇಲ್ಲವೇ ಆರ್‌ಸಿಸಿ ಮನೆಯ ನೆರೆಯವರನ್ನು ಕೇಳಿಕೊಳ್ಳಿ. ನಾಲ್ಕು ಮನೆ ಸೇರಿ ಪಾಳಿ ಮಾಡಿಕೊಂಡರೆ ಎಲ್ಲರಿಗೂ ಹಗುರ: ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರದು. ಮಕ್ಕಳಿಗೆ ಮನೆ ಬದಲಾದರೇ ಅರ್ಧ ಬ್ಯಾಸರ ಹೋಗುತ್ತದೆ.

ಒಳಗೆ ಆಡಿದ್ರೂ ಮೈ ದಣಿಯುವ ಆಟ

*ಕೆರೆ-ದಡ:* ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ಒಂದು ಗೆರೆ. ಈ ಕಡೆ ಕೆರೆ, ಆ ಕಡೆ ದಡ. ಒಬ್ಬರು ಕೂಗಿದಂತೆ ಉಳಿದವರು ಜಿಗಿಯಬೇಕು. "ಕೆರೆ, ದಡ, ದಡ, ಕೆರೆ" ಅಂತ ಬೇಗಬೇಗ ಕೂಗಿ ತಪ್ಪಿಸೋದೇ ಮಜಾ. ಹತ್ತಡಿ ಜಾಗ ಸಾಕು, ಹತ್ತು ಮಕ್ಕಳಾದರೂ ಆಡಬಹುದು. ಕೂಗೋರು ಅಂಗಡಿ ಗಲ್ಲೆ ಮೇಲೆ ಕೂತೇ ಕೂಗಬಹುದು, ವ್ಯಾಪಾರಕ್ಕೂ ಅಡ್ಡಿ ಇಲ್ಲ.

*ಕುಂಟಾಬಿಲ್ಲೆ:* ಪಡಸಾಲೆಯ ಟೈಲ್ಸ್ ಚೌಕಗಳೇ ಮನೆಗಳು. ಒಡೆದ ಹೆಂಚಿನ ಚೂರು ಬೇಡ, ಬಾಟಲಿ ಮುಚ್ಚಳ ಸಾಕು.

*ದಾರಿ ಆಟ:* ತಲೆದಿಂಬು ದಾಟು, ಹಗ್ಗದ ಮೇಲೆ ನಡಿ, ಮಂಚದ ಕೆಳಗೆ ತೆವಳು, ಚಮಚದಲ್ಲಿ ನಿಂಬೆಹಣ್ಣು ಹಿಡಿದು ವಾಪಸ್ ಬಾ. ಒಬ್ಬ ದೊಡ್ಡ ಹುಡುಗ ಗಡಿಯಾರ ನೋಡಿ ಸೆಕೆಂಡ್ ಬರೆಯಲಿ. ಇಲ್ಲಿ ಒಂದು ಗುಟ್ಟು ಇದೆ: ಬೇರೆಯವರ ಜೊತೆ ಪಂದ್ಯ ಬೇಡ, ತನ್ನ ನಿನ್ನೆಯ ಸಮಯವನ್ನೇ ಮೀರಿಸಬೇಕು ಅನ್ನಿ. ಆಗ ಜಗಳ ಕಡಿಮೆ, ಆಟ ಜಾಸ್ತಿ.

*ಕಣ್ಣಾಮುಚ್ಚಾಲೆ:* ಆಡಲಿ, ಆದರೆ ಬಚ್ಚಿಟ್ಟುಕೊಳ್ಳಬಾರದ ಜಾಗ ಮೊದಲೇ ಹೇಳಿ. ಹಳೇ ಫ್ರಿಜ್, ಕಬ್ಬಿಣದ ಟ್ರಂಕು, ನಿಲ್ಲಿಸಿದ ಕಾರು, ಗೋದಾಮಿನಲ್ಲಿ ಪೇರಿಸಿದ ಭತ್ತ-ಅಕ್ಕಿ ಚೀಲಗಳ ಸಂದಿ. ಬಾಗಿಲು ಹಾಕಿಕೊಂಡ ಕಾರಿನೊಳಗೆ ಕೆಲವೇ ನಿಮಿಷದಲ್ಲಿ ಕಾವು ಏರುತ್ತದೆ. ಕಾರು ಇದ್ದವರು ಬೀಗ ಹಾಕಿ ಕೀಲಿ ಮೇಲಿಡಿ.

ಗುಂಪಿನಲ್ಲಿ ಮೂರು ವರ್ಷದ ಕೂಸು ಇದ್ರೆ ದೊಡ್ಡವರ ಆಟ ಕೆಡುತ್ತದೆ, ಅದನ್ನು ಬಿಟ್ಟರೆ ಅದು ಅಳುತ್ತದೆ. ಇದಕ್ಕೆ ನಮ್ಮ ಹಿರಿಯರು ಎಂದೋ ದಾರಿ ಕಂಡುಕೊಂಡಿದ್ದಾರೆ: ಆಟಕ್ಕುಂಟು, ಲೆಕ್ಕಕ್ಕಿಲ್ಲ. ಅದೂ ಜಿಗಿಯಲಿ, ಓಡಲಿ, ಔಟ್ ಮಾತ್ರ ಆಗಲ್ಲ.

ಕೂತು ಆಡುವ ಆಟ: ಮಧ್ಯಾಹ್ನದ ಮೂರು ತಾಸಿಗೆ

*ಚೌಕಾಬಾರಾ.* ಊರಿಗೊಂದು ಹೆಸರಿದೆ, ಆಟ ಒಂದೇ. ನೆಲದ ಮೇಲೆ ಐದು ಅಡ್ಡ, ಐದು ಉದ್ದ, ಒಟ್ಟು 25 ಮನೆ ಬರೆಯಿರಿ. ನಾಲ್ಕು ಬದಿಯ ನಡುಮನೆಗೂ ಒಳಗಿನ ನಟ್ಟನಡುವಿನ ಮನೆಗೂ ಅಡ್ಡಗೆರೆ ಎಳೆಯಿರಿ. ಅಲ್ಲಿ ಕಾಯಿ ಕಡಿಯುವಂತಿಲ್ಲ. ಒಬ್ಬರಿಗೆ ನಾಲ್ಕು ಕಾಯಿ. ನಾಲ್ಕು ಕವಡೆ ಸಿಗದಿದ್ರೆ ಹುಣಸೆ ಬೀಜವನ್ನು ಕಲ್ಲಿಗೆ ತಿಕ್ಕಿ ಒಂದು ಬದಿ ಬಿಳಿ ಮಾಡಿಕೊಳ್ಳಿ. ಎಷ್ಟು ಬಿಳಿ ಮೇಲೆ ಬಿತ್ತೋ ಅಷ್ಟು ಮನೆ. ನಾಲ್ಕೂ ಬಿಳಿ ಬಿದ್ರೆ ನಾಲ್ಕು, ಒಂದೂ ಬೀಳದಿದ್ರೆ ಎಂಟು, ಎರಡಕ್ಕೂ ಮತ್ತೊಂದು ಸಲ ಹಾಕುವ ಅವಕಾಶ. ಹೊರಸುತ್ತು ಮುಗಿಸಿ, ಒಳಸುತ್ತನ್ನು ತಿರುಗುಮುರುಗಾಗಿ ಸುತ್ತಿ, ನಡುಮನೆ ಸೇರಿದವರು ಹಣ್ಣು. ಎದುರಾಳಿಯ ಒಂದಾದರೂ ಕಾಯಿ ಕಡಿದ ಮೇಲೆಯೇ ಒಳಸುತ್ತು ಅನ್ನೋ ನಿಯಮ ಹಲವು ಮನೆಗಳಲ್ಲಿದೆ. ನಿಮ್ಮ ಮನೆ ನಿಯಮ ಅಜ್ಜಿಗೆ ಕೇಳಿ. ಅಜ್ಜಿ ಆಟಕ್ಕೆ ಕೂತ್ರೆ ಒಂದು ತಾಸು ಹೋದದ್ದೇ ಗೊತ್ತಾಗಲ್ಲ.

*ಅಳಗುಳಿಮಣೆ.* ಮಣೆ ಇಲ್ಲದಿದ್ರೆ ಏಳೇಳರಂತೆ ಎರಡು ಸಾಲು, 14 ವೃತ್ತ ಬರೆದರೆ ಸಾಕು. ಒಂದೊಂದಕ್ಕೆ ಐದು ಬೀಜ ಹಾಕಿದ್ರೆ 70 ಬೀಜ ಬೇಕು. ಎಣಿಸೋದು, ಹಂಚೋದು, ಮುಂದೆ ಎಲ್ಲಿ ಖಾಲಿ ಮನೆ ಬರುತ್ತೆ ಅಂತ ಲೆಕ್ಕ ಹಾಕೋದು, ಎಲ್ಲಾ ಇದರಲ್ಲೇ ಬಂತು.

*ಆಡು-ಹುಲಿ, ಐದು ಕಲ್ಲಿನ ಆಟ, ಅಂತ್ಯಾಕ್ಷರಿ* ಕೂಡ ಪಟ್ಟಿಗೆ ಇರಲಿ. ಹಂಪಿಗೆ ಹೋದವರು ಕಲ್ಲುಹಾಸಿನ ಮೇಲೆ ಕೊರೆದ ಇಂಥ ಆಟದ ಮನೆಗಳನ್ನು ನೋಡಿರಬಹುದು. ಬಿಸಿಲ ಹೊತ್ತಲ್ಲಿ ನೆರಳಿಗೆ ಕೂತು ಆಡೋದು ನಮ್ಮ ಸೀಮೆಗೆ ಹೊಸದೇನಲ್ಲ.

ಒಂದು ಎಚ್ಚರಿಕೆ: ನಾಲ್ಕು ವರ್ಷದೊಳಗಿನವರ ಕೈಗೆ ಬೀಜ, ಗೋಲಿ, ಕವಡೆ ಕೊಡಬೇಡಿ. ಮೂಗು, ಕಿವಿ, ಗಂಟಲಿಗೆ ಹಾಕಿಕೊಳ್ಳುತ್ತವೆ. ಇಡೀ ಶೇಂಗಾ ಬೀಜವೂ ಆ ವಯಸ್ಸಿಗೆ ಅಪಾಯ, ಉಸಿರುನಾಳಕ್ಕೆ ಸಿಕ್ಕಿಕೊಳ್ಳಬಹುದು.

ಮಸ್ಕಿ ಅಶೋಕನ ಗುಪ್ತಲಿಪಿ ಆಟ

ಇದು ನಮ್ಮ ತಾಲೂಕಿನದೇ ಆಟ. ಮಸ್ಕಿಯ ಅಶೋಕನ ಶಾಸನ ಎಲ್ಲರಿಗೂ ಗೊತ್ತು. 1915ರಲ್ಲಿ ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಗಣಿ ಎಂಜಿನಿಯರ್ ಸಿ. ಬೀಡನ್ ಕಣ್ಣಿಗೆ ಬಿದ್ದದ್ದು. ಅದುವರೆಗೆ ಸಿಕ್ಕಿದ್ದ ಶಾಸನಗಳಲ್ಲಿ 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಅಂತ ಬಿರುದು ಇತ್ತು; 'ಅಶೋಕ' ಅನ್ನೋ ಹೆಸರು ಕಂಡದ್ದು ಇಲ್ಲಿ. ಆ ದೇವಾನಾಂಪ್ರಿಯನೇ ಅಶೋಕ ಅಂತ ಲೋಕಕ್ಕೆ ಖಚಿತವಾದದ್ದು ನಮ್ಮ ಬಂಡೆಯಿಂದ.

ಆ ಶಾಸನದ ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ನಮ್ಮ ಕನ್ನಡ ಲಿಪಿಯ ಮೂಲವೂ ಬ್ರಾಹ್ಮಿಯೇ. ಅದರ ಕೆಲವು ಅಕ್ಷರ ಐದು ವರ್ಷದ ಮಗುವೂ ಬರೆಯುವಷ್ಟು ಸುಲಭ:

- ಕ: ಕೂಡಿಸುವ ಗುರುತು (+).
- ಗ: ಗುಡಿಸಲಿನ ಚಾವಣಿ ಹಂಗ, ಮೇಲೆ ಚೂಪು, ಕೆಳಗೆ ಎರಡು ಕಾಲು.
- ನ: ಕೆಳಗೊಂದು ಅಡ್ಡಗೆರೆ, ಅದರ ನಡುವಿಂದ ಮೇಲಕ್ಕೊಂದು ಉದ್ದಗೆರೆ.
- ರ: ಬರೀ ಒಂದು ನೆಟ್ಟನೆ ಗೆರೆ.
- ಠ: ಒಂದು ದುಂಡು ಸೊನ್ನೆ.

ಇಷ್ಟರಲ್ಲೇ ಕನಕ, ನಗರ, ಗಗನ, ನರ, ಕರಗ ಅಂತ ಎಷ್ಟೋ ಪದ ಬರೆಯಬಹುದು. ತಟ್ಟೆಯಲ್ಲಿ ಮರಳು ಹರಡಿ ಬೆರಳಿಂದ ಬರೆಯಲಿ. ದೊಡ್ಡ ಮಕ್ಕಳು ಮನೆಯಲ್ಲಿ ಒಂದು ಬೆಲ್ಲದ ಚೂರು ಬಚ್ಚಿಟ್ಟು ಗುಪ್ತಲಿಪಿಯಲ್ಲಿ ಸುಳಿವು ಬರೆದಿಡಲಿ, ಉಳಿದವರು ಹುಡುಕಲಿ. ಲಿಂಗಸುಗೂರು ತಾಲೂಕಿನವರು 'ಕನಕ' ಬರೆದಾಗ ಹಟ್ಟಿ ಚಿನ್ನದ ಗಣಿ ಕಥೆ ಹೇಳಿ. ಒಂದು ದಿನ ಬೆಳಗ್ಗೆ ಬಿಸಿಲೇರುವ ಮುಂಚೆ ಮಕ್ಕಳನ್ನು ಶಾಸನದ ಹತ್ತಿರ ಕರೆದುಕೊಂಡು ಹೋಗಿ. ಮನೆಯಲ್ಲಿ ಬರೆದ + ಗುರುತನ್ನು ಬಂಡೆ ಮೇಲೆ ಹುಡುಕೋದಕ್ಕೆ ತಾವೇ ಮುಂದಾಗುತ್ತಾರೆ. ಮುದಗಲ್ ಕೋಟೆ ಹತ್ತಿರ ಇರೋರು ಅಲ್ಲಿಗೂ ಹೋಗಬಹುದು; ಹೊಂಡ, ಬುರುಜಿನ ಅಂಚಿಗೆ ಮಾತ್ರ ಬಿಡಬೇಡಿ.

ಅಂಗಡಿಯವರಿಗೆ ಒಂದು ಮಾತು

ನಿಮ್ಮಲ್ಲಿ ದಿನಾ ಬಿಸಾಡುವ ರಟ್ಟಿನ ಡಬ್ಬಿ, ಮೊಟ್ಟೆ ಟ್ರೇ, ಸುತಳಿ, ಖಾಲಿ ಡಬ್ಬಿ ಮಕ್ಕಳಿಗೆ ಬಂಗಾರ. ಪಿನ್ನು, ತಂತಿ ಕಿತ್ತು ಓಣಿಯ ಮಕ್ಕಳಿಗೆ ಕೊಡಿ. ಒಂದು ದೊಡ್ಡ ರಟ್ಟಿನ ಡಬ್ಬಿ ಬೆಳಗ್ಗೆ ಬಸ್ಸು, ಮಧ್ಯಾಹ್ನ ಮನೆ, ಸಂಜೆ ಟ್ರ್ಯಾಕ್ಟರ್ ಆಗುತ್ತದೆ.

ಅಂಗಡಿ ಆಟ ಆಡಿಸಿ. ರಟ್ಟಿನ ನೋಟು, ಹಳೇ ತಕ್ಕಡಿ, ಒಂದಿಷ್ಟು ಅಕ್ಕಿ, ಜೋಳ, ಕಡಲೆ. "ಪಾವಕಿಲೋ ಎಷ್ಟ್ ಗ್ರಾಂ? 48 ರೂಪಾಯಿ ಕಿಲೋ ಇದ್ರ ಪಾವಕಿಲೋಕ್ಕ ಎಷ್ಟು? 50 ಕೊಟ್ರ ಚಿಲ್ಲರ ಎಷ್ಟು ವಾಪಸ್?" ಈ ಲೆಕ್ಕ ಶಾಲೆಯ ಪುಸ್ತಕಕ್ಕಿಂತ ಬೇಗ ತಲೆಗೆ ಹೋಗುತ್ತದೆ. ಸಿಂಧನೂರಿನ ಮಕ್ಕಳಿಗೆ ಅಕ್ಕಿಯ ತಳಿ ಗುರುತಿಸುವ ಆಟ ಆಡಿಸಿ: ಸಣ್ಣ ಅಕ್ಕಿ, ದಪ್ಪ ಅಕ್ಕಿ, ನುಚ್ಚು, ಬೇರೆಬೇರೆ ಬಟ್ಟಲಲ್ಲಿ ಹಾಕಿ ಕಣ್ಣು ಮುಚ್ಚಿ ಮುಟ್ಟಿ ಹೇಳಲಿ.

ಆದರೆ ಆಟ ಬೇರೆ, ದುಡಿತ ಬೇರೆ. 2016ರ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆ ಪ್ರಕಾರ 14 ವರ್ಷದೊಳಗಿನ ಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ. ತಮ್ಮದೇ ಮನೆತನದ ಅಪಾಯವಿಲ್ಲದ ಕೆಲಸಕ್ಕೆ ಶಾಲೆ ಬಿಟ್ಟ ಮೇಲೆ ಅಥವಾ ರಜೆಯಲ್ಲಿ ನೆರವಾಗೋದಕ್ಕೆ ವಿನಾಯಿತಿ ಇದೆ. "ರಜಾ ಐತಿ, ನಮ್ಮ ಅಂಗಡಿಗೆ ಕಳಸ್ರಿ" ಅಂತ ಬೇರೆಯವರ ಸಣ್ಣ ಮಕ್ಕಳನ್ನು ಕರೆಯಬೇಡಿ.

ಮಣ್ಣು, ನೀರು, ಕಥೆ

ನಮ್ಮ ಎರೆ ಮಣ್ಣಿಗಿಂತ ಒಳ್ಳೆಯ ಆಟಿಕೆ ಯಾವ ಅಂಗಡಿಯಲ್ಲೂ ಸಿಗಲ್ಲ. ರಜೆ ಮುಗಿದು ಸ್ವಲ್ಪ ದಿನಕ್ಕೇ ಮಣ್ಣೆತ್ತಿನ ಅಮವಾಸ್ಯೆ ಬರುತ್ತದೆ. ಈಗಿಂದಲೇ ಎತ್ತು, ಗಾದಿ, ಬಂಡಿ ಮಾಡಿ ಕೈ ಪಳಗಿಸಲಿ. ಹಳೇ ಚೀಲ ಹಾಸಿಕೊಟ್ಟರೆ ಮನೆಯೂ ಹೊಲಸಾಗಲ್ಲ.

ನಾಲ್ಕು ಗಂಟೆಗೆ ಹೊಟ್ಟೆ ಹಸಿಯುತ್ತದೆ. ಮಂಡಾಳು ಒಗ್ಗರಣೆ ಮಾಡುವಾಗ ಮಂಡಾಳು ನೆನೆಸಿ ಹಿಂಡೋದು, ಪುಟಾಣಿ ಪುಡಿ ಕಲಸೋದು ಮಕ್ಕಳಿಗೆ ಬಿಡಿ; ಒಲೆ ಮುಂದೆ ಮಾತ್ರ ದೊಡ್ಡವರು. ತಾವು ಮಾಡಿದ್ದನ್ನು ತಕರಾರಿಲ್ಲದೆ ತಿನ್ನುತ್ತವೆ.

ಓದುವ ಮಕ್ಕಳಿದ್ರೆ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಕ್ಕೆ ಕಳಿಸಿ. 2020ರಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಡಿ ಶಾಲಾ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ಇದೆ. ಒಬ್ಬರು ಪುಸ್ತಕ ತಂದು ಮಧ್ಯಾಹ್ನ ಜೋರಾಗಿ ಓದಿದ್ರೆ ಏಳು ಮಕ್ಕಳಿಗೂ ಆಯಿತು. ಓದು ಬರದ ಅಜ್ಜ-ಅಜ್ಜಿಗೆ ಒಡಪು, ಕಥೆ ಬರುತ್ತವಲ್ಲ. ಬರಗಾಲದ ನೆನಪು, ಕಾಲುವೆ ಬರೋ ಮುಂಚಿನ ಊರು, ಕ್ಯಾಂಪುಗಳು ಕಟ್ಟಿದ ಕಾಲ, ಇವೂ ಕಥೆಗಳೇ.

ಮೊಬೈಲ್ ಪೂರ್ತಿ ಬೇಡವಾ?

ಪೂರ್ತಿ ಬಿಡಿಸೋದು ಎಲ್ಲ ಮನೆಯಲ್ಲೂ ಆಗದ ಮಾತು. ಮೂರು ನಿಯಮ ಸಾಕು. ಒಂದು, ಹೊತ್ತು ಗೊತ್ತು ಮಾಡಿ. ಅತ್ತಾಗೆಲ್ಲಾ ಕೊಟ್ಟರೆ ಅಳೋದೇ ಕಲಿಯುತ್ತವೆ. ಎರಡು, ದಿಢೀರ್ ಕಸಿಯಬೇಡಿ. "ಈ ವಿಡಿಯೋ ಮುಗೀತಿದ್ದಂಗ ಕೊಟ್ಟುಬಿಡಬೇಕು" ಅಂತ ಮೊದಲೇ ಹೇಳಿ. ಮೂರು, ಊಟದ ಹೊತ್ತಲ್ಲಿ ಬೇಡ, ನಮ್ಮ ಕೈಯಲ್ಲೂ ಬೇಡ. ಅಂಗಡಿಯವರು ಫೋನ್‌ಪೇ, ಗೂಗಲ್ ಪೇ ಇರುವ ಮೊಬೈಲನ್ನೇ ಕೊಡುತ್ತಾರೆ. ಲಾಕ್ ಇಲ್ಲದೆ ಕೊಡಬೇಡಿ.

ಕಾಲುವೆ, ಕೃಷಿಹೊಂಡ, ಕೂಲರ್: ಇಷ್ಟು ನೋಡಿಕೊಳ್ಳಿ

ಇಷ್ಟೆಲ್ಲಾ ಹೇಳಿದ್ದು ಇದಕ್ಕಾಗಿಯೇ. ಬ್ಯಾಸರ ಬಂದ ಮಗು ನೀರು ಹುಡುಕಿಕೊಂಡು ಹೋಗುತ್ತದೆ. ನಮ್ಮ ಸೀಮೆಯಲ್ಲಿ ತುಂಗಭದ್ರಾ ಎಡದಂಡೆ ಕಾಲುವೆ ಇದೆ, ಲಿಂಗಸುಗೂರು ಕಡೆ ನಾರಾಯಣಪುರ ಬಲದಂಡೆ ಕಾಲುವೆ, ಕೃಷ್ಣಾ ನದಿ ಇವೆ.

- ಕಾಲುವೆ: ಕುಡಿಯುವ ನೀರಿಗೆ ಅಂತ ಬೇಸಿಗೆಯಲ್ಲೂ ನೀರು ಬಿಡುತ್ತಾರೆ. ನಿನ್ನೆ ಒಣಗಿದ್ದದ್ದು ಇವತ್ತು ತುಂಬಿ ಹರಿಯಬಹುದು. ಸಿಮೆಂಟ್ ಇಳಿಜಾರಿಗೆ ಪಾಚಿ ಕಟ್ಟಿರುತ್ತದೆ. ಜಾರಿದವರಿಗೆ ಹಿಡಿಯಲು ಏನೂ ಸಿಗಲ್ಲ.
- ಕೃಷಿಹೊಂಡ: ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡದಿಂದ ಈಜು ಬಲ್ಲ ದೊಡ್ಡವರೂ ಹತ್ತಿ ಬರೋದು ಕಷ್ಟ. ಸುತ್ತ ಬೇಲಿ ಹಾಕಿ, ಗಂಟು ಹಾಕಿದ ಹಗ್ಗವೊಂದನ್ನು ಒಳಗೆ ಇಳಿಬಿಡಿ.
- ಮನೆ ಸಂಪು, ಡ್ರಮ್, ಬಕೆಟ್: ನಡೆಯಲು ಕಲಿತ ಕೂಸಿಗೆ ಗೇಣು ನೀರೂ ಅಪಾಯ. ಮುಚ್ಚಳ ಹಾಕಿ, ಮೇಲೆ ಭಾರ ಇಡಿ.
- ಯಾರಾದ್ರೂ ಬಿದ್ರೆ: ಹಿಂದೆಯೇ ಹಾರಬೇಡಿ ಅಂತ ಮಕ್ಕಳಿಗೆ ಕಲಿಸಿ. ಹಗ್ಗ, ಸೀರೆ ಎಸೆಯಲಿ, ಮುಚ್ಚಳ ಬಿಗಿದ ಖಾಲಿ ಎಣ್ಣೆ ಕ್ಯಾನ್ ತೇಲುತ್ತದೆ, ಅದನ್ನು ಎಸೆಯಲಿ, ಕೂಗಲಿ, 112ಕ್ಕೆ ಕರೆ ಮಾಡಲಿ.
- ಕೂಲರ್: ಕಬ್ಬಿಣದ ಕೂಲರ್‌ಗೆ ಅರ್ಥಿಂಗ್ ಇದೆಯೋ ಇಲ್ಲವೋ ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಪ್ಲಗ್ ತೆಗೆದೇ ನೀರು ಹಾಕಿ. ಮಕ್ಕಳು ಅದಕ್ಕೆ ಒರಗಿ ಕೂಡಬಾರದು.
- ಹೊಲದ ಔಷಧಿ: ಕೀಟನಾಶಕವನ್ನು ಎಂದೂ ನೀರಿನ ಅಥವಾ ತಂಪು ಪಾನೀಯದ ಬಾಟಲಿಗೆ ಹಾಕಿಡಬೇಡಿ. ಬೀಗದೊಳಗಿರಲಿ.

ಬಿಸಿಲ ಹೊಡೆತಕ್ಕೆ: ಮಜ್ಜಿಗೆ, ನಿಂಬೆ ಪಾನಕ, ನೀರು ತಾಸಿಗೊಮ್ಮೆ ಕುಡಿಸಿ. ವಾಂತಿ-ಭೇದಿ ಆದ್ರೆ ಓಆರ್‌ಎಸ್ ಪ್ಯಾಕೆಟ್ ಕೊಡಿ; ಸಿಗದಿದ್ರೆ ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು, ಚಮಚ ಮಟ್ಟಸವಾಗಿರಬೇಕು. ಮೈ ಕಾದು ಮಗು ತೂಕಡಿಸಿದ್ರೆ, ಮಾತು ತಪ್ಪಿದ್ರೆ, ಉಚ್ಚೆ ನಿಂತಿದ್ರೆ ನೆರಳಿಗೆ ತಂದು ಒದ್ದೆ ಬಟ್ಟೆಯಿಂದ ಮೈ ಒರೆಸುತ್ತಾ 108ಕ್ಕೆ ಕರೆ ಮಾಡಿ. ಮಕ್ಕಳ ಯಾವುದೇ ತೊಂದರೆಗೆ ಸಹಾಯವಾಣಿ 1098.

ಕೊನೆಗೆ

ದಿನಪೂರ್ತಿ ನಾವೇ ಆಡಿಸಬೇಕಂತಿಲ್ಲ. ಶುರು ಮಾಡಿಕೊಟ್ಟು ಪಕ್ಕಕ್ಕೆ ಸರಿದರೆ ಉಳಿದದ್ದು ಅವೇ ನೋಡಿಕೊಳ್ಳುತ್ತವೆ. ಸ್ವಲ್ಪ ಬ್ಯಾಸರ ಆಗಲಿ, ಅದರಿಂದಲೇ ಹೊಸ ಆಟ ಹುಟ್ಟುತ್ತದೆ. ಜಗಳ ಆದ್ರೆ ಕೂಡಲೇ ತೀರ್ಪು ಕೊಡೋಕೆ ಹೋಗಬೇಡಿ. ಕೈ ಎತ್ತದಿದ್ರೆ ಎರಡು ನಿಮಿಷ ಬಿಡಿ, ಅವರೇ ರಾಜಿ ಆಗುತ್ತಾರೆ.

ಈ ವರ್ಷ ನಮ್ಮ ಮನೆಯಲ್ಲಿ ಒಂದು ಹೊಸ ಪದ್ಧತಿ ಮಾಡಿದ್ದೇವೆ. ಊಟ ಆದ ಮೇಲೆ ಮಲಗುವ ಮುಂಚೆ ದೊಡ್ಡವರಲ್ಲಿ ಒಬ್ಬರು ಎಚ್ಚರ ಇರೋದು, ಪಾಳಿ ಮೇಲೆ. ಮತ್ತೆ ತಾಸಿಗೊಮ್ಮೆ ಬಾಗಿಲಲ್ಲಿ ಚಪ್ಪಲಿ ಎಣಿಸೋದು. ಎಣಿಸುವ ಕೆಲಸ ಆ ಒಂಬತ್ತು ವರ್ಷದವನಿಗೇ ಕೊಟ್ಟಿದ್ದೇವೆ. ಈಗ ಅವನಿಗೆ ಹತ್ತು. "ಏಳೂ ಅದಾವ್ರಿ" ಅಂತ ಒಳಗಿಂದ ಕೂಗಿ ಹೇಳ್ತಾನೆ, ಮತ್ತೆ ಚೌಕಾಬಾರಾಕ್ಕೆ ಕೂಡ್ತಾನೆ.